ಹೊಸೆದ ತಂತಿ

ಬೆಂಗಳೂರಿನ ಐ.ಟಿ.ಐ. ಕಾರ್ಖಾನೆ ಹುಟ್ಟಿದ್ದು 1948ರಲ್ಲಿ. ಅದರ ಕರಿ ಫೋನು ಜಯನಗರದ ನಮ್ಮ ನಡುಮನೆಯಲ್ಲಿತ್ತು. ನಮ್ಮತ್ತೆಯವರು ಅದಕ್ಕೆ ಕ್ರೋಷಾ ಹೊದಿಕೆ ಹೆಣೆದಿದ್ದರು. ಗಂಟೆ ಬಾರಿಸಿದರೆ ಮನೆಮಂದಿಯೆಲ್ಲ ಕಿವಿ! 1995ರಲ್ಲಿ ವಿ.ಎಸ್.ಎನ್.ಎಲ್. ಇಂಟರ್‌ನೆಟ್ ತಂದಿತು. ಆಮೇಲೆ ಅದೇ ತಂತಿಗೆ ಮಗ ಕಂಪ್ಯೂಟರ್ ಜೋಡಿಸಿ ಕೂತರೆ ತವರಿನ ಫೋನು ನನಗೆ ಬರುತ್ತಿರಲಿಲ್ಲ.

ಈಗ ಮೊಮ್ಮಗ ಮಹಡಿಗೆ ಬೇರೆ ಕೇಬಲ್ ಎಳೆದಿದ್ದಾನೆ. ಸುಲಿದು ತೋರಿಸಿದ: ಎಂಟು ಎಳೆ, ನಾಲ್ಕು ಜೋಡಿ, ಒಂದೊಂದು ಜೋಡಿಯೂ ಹೊಸೆದದ್ದು. ಹೊಸೆದರೆ ಹೊರಗಿನ ಗದ್ದಲ ಎರಡೆಳೆಗೂ ಸಮವಾಗಿ ತಾಗಿ ಕಳೆದುಹೋಗುತ್ತದಂತೆ. ಗ್ರಹಾಂ ಬೆಲ್ 1881ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಬತ್ತಿ ಹೊಸೆಯುವವರನ್ನು ಕೇಳಬೇಕಿತ್ತು ಆತ! ಹೆಡ್‌ಫೋನನ್ನಂತೂ 1910ರ ಸುಮಾರಿಗೆ ಅಮೆರಿಕದ ಬಾಲ್ಡ್‌ವಿನ್ ಅಡುಗೆಮನೆಯಲ್ಲೇ ಮಾಡಿದ. ಅದನ್ನು ತೊಟ್ಟ ಹುಡುಗನಿಗೆ ಆಟದ ಶತ್ರುವಿನ ಹೆಜ್ಜೆ ಎಡವೋ ಬಲವೋ ತಿಳಿಯುತ್ತದೆ. ನಮ್ಮ ಅಡುಗೆಮನೆಯ ಕೂಗು ಕೇಳಿಸದು. ಸಾರು ಆರುವ ಮುಂಚೆ ಮೆಟ್ಟಿಲು ಹತ್ತಬೇಕು.