ಬಸ್ಸಾರಿನ ಕಾಲ
1965ರಲ್ಲಿ, ಆಹಾರದ ಕೊರತೆಯ ದಿನಗಳಲ್ಲಿ, ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ಸೋಮವಾರ ರಾತ್ರಿಯ ಊಟ ತ್ಯಜಿಸಿ ಎಂದು ಕರೆ ಕೊಟ್ಟರು. ಮಂಡ್ಯ ಸೀಮೆಯ ನಮ್ಮಂಥ ಮನೆಗಳಿಗೆ ಅದೇನೂ ಹೊಸದಲ್ಲ ಬಿಡಿ. ರೇಷನ್ನಿಗೆ ಪಿ.ಎಲ್. 480 ನೆರವು ಯೋಜನೆಯ ಅಮೆರಿಕದ ಗೋಧಿ ಬಂತು. ರಾಗಿಮುದ್ದೆ ನುಂಗುವ ಅಪ್ಪನಿಗೆ ಅದು ರುಚಿಸಲಿಲ್ಲ. ಅವ್ವನ ಕೈ ಹಿಡಿದದ್ದು ಬಸ್ಸಾರು. ಬದುವಿನ ಸೊಪ್ಪು, ಹಿಡಿ ಹುರುಳಿಕಾಳು ಒಟ್ಟಿಗೆ ಬೇಯಿಸಿ ಕಟ್ಟು ಬಸಿಯುತ್ತಿದ್ದಳು. ಬೆಂದ ಕಾಳನ್ನೇ ಒಂದಿಷ್ಟು ಎತ್ತಿ, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಹುಣಸೆಹಣ್ಣಿನ ಜೊತೆ ಒರಳಲ್ಲಿ ರುಬ್ಬಿ ಕಟ್ಟಿಗೆ ಕದಡಿ ಕುದಿಸಿದರೆ ಸಾರು. ಮಿಕ್ಕ ಸೊಪ್ಪು-ಕಾಳಿಗೆ ಒಗ್ಗರಣೆ ಬಿದ್ದರೆ ಪಲ್ಯ. ತೆಂಗಿನಕಾಯಿ ಹಬ್ಬಕ್ಕೆ ಮಾತ್ರ. ಮುಂದೆ ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕದ ರಾಗಿ ಕೂಡಿಸಿ ಇಂಡಾಫ್ ತಳಿ ತಂದರು, ಇಳುವರಿ ಏರಿತು. ನನ್ನ ಕೇಳಿದರೆ, ಹಡಗಿನ ಗೋಧಿಗಿಂತ ನಮ್ಮನ್ನು ಸಾಕಿದ್ದು ಆ ರಾಗಿಯೇ.