ನಿಂತ ಚಿತ್ರ, ನೆಗೆದ ಚಿತ್ರ: ಮಕ್ಕಳ ಆಟದ ಭಾವಚಿತ್ರಗಳ ಹಿಂದಿನ ಇತಿಹಾಸ

ನಮ್ಮ ಮನೆಯ ಪುಸ್ತಕದ ಕಪಾಟಿನ ಮೇಲೆ ಎರಡು ಛಾಯಾಚಿತ್ರಗಳಿವೆ. ಒಂದು 1968ರದು, ಕಪ್ಪು ಬಿಳುಪಿನದು. ನನ್ನ ತಂದೆಯವರ ಕಾಲೇಜಿನ ವಾಲಿಬಾಲ್ ತಂಡದ್ದು. ಮುಂದಿನ ಸಾಲಿನವರು ಕುರ್ಚಿಗಳಲ್ಲಿ ಕುಳಿತಿದ್ದಾರೆ, ಹಿಂದಿನವರು ನಿಂತಿದ್ದಾರೆ, ನಡುವೆ ಸ್ಟೂಲಿನ ಮೇಲೆ ಗೆದ್ದ ಶೀಲ್ಡ್ ಇದೆ. ಎಲ್ಲರೂ ಎದೆಯ ಮೇಲೆ ಕೈಕಟ್ಟಿದ್ದಾರೆ. ಇನ್ನೊಂದು ಕಳೆದ ವರ್ಷದ್ದು, ಬಣ್ಣದ್ದು. ಇಲ್ಲಿ ಅಮೆರಿಕದಲ್ಲಿ ಮಕ್ಕಳ ತಂಡಗಳಿಗೆ ‘ಪಿಕ್ಚರ್ ಡೇ’ ಎಂಬ ದಿನವೊಂದಿರುವುದು ನಮ್ಮ ಕೂಟದ ತಂದೆತಾಯಿಗಳಿಗೆಲ್ಲ ಗೊತ್ತು. ಆ ದಿನ ತೆಗೆಸಿದ ಚಿತ್ರದಲ್ಲಿ ಹನ್ನೆರಡು ವರ್ಷದ ನನ್ನ ಮಗಳು ಎರಡೂ ಕೈಗಳಲ್ಲಿ ಚೆಂಡನ್ನು ಹೊಟ್ಟೆಯ ಮುಂದೆ ಹಿಡಿದು ಮುಗುಳ್ನಗುತ್ತಿದ್ದಾಳೆ. ಅವಳೂ ವಾಲಿಬಾಲ್ ಆಡುತ್ತಾಳೆ.

ಕಳೆದ ಬೇಸಿಗೆಯಲ್ಲಿ ಒಂದು ಸಂಜೆ ಅವಳು ಅಜ್ಜನ ಚಿತ್ರವನ್ನು ಕೈಗೆತ್ತಿಕೊಂಡು ಕೇಳಿದಳು: “ಅಪ್ಪಾ, ಅಜ್ಜನೂ ನನ್ನ ಹಾಗೆ ಎಡಗೈಯಲ್ಲೇ ಸ್ಮ್ಯಾಶ್ ಹೊಡೀತಿದ್ರಾ?”

ನನ್ನಲ್ಲಿ ಉತ್ತರವಿರಲಿಲ್ಲ. ತಂದೆಯವರು ಬರೆಯುತ್ತಿದ್ದುದು ಬಲಗೈಯಲ್ಲಿ. ಆದರೆ ಅವರ ಕಾಲದ ಶಾಲೆಗಳಲ್ಲಿ ಎಡಚ ಮಕ್ಕಳ ಕೈಗೆ ಪೆಟ್ಟು ಕೊಟ್ಟು ಬಲಗೈಯಲ್ಲಿ ಬರೆಸುವುದು ಸಾಮಾನ್ಯವಾಗಿತ್ತು. ಹಾಗಾಗಿ ಅದು ಸಾಕ್ಷ್ಯವಾಗದು. ಊರಿಗೆ ಫೋನ್ ಮಾಡಿ ಅಮ್ಮನನ್ನು ಕೇಳಿದೆ. “ಮದುವೆ ಆಗೋ ಹೊತ್ತಿಗೆ ಅವರು ಆಟ ಬಿಟ್ಟಿದ್ರಪ್ಪ, ನಾನು ನೋಡೇ ಇಲ್ಲ” ಎಂದರು. ತಂದೆಯವರು ತೀರಿಕೊಂಡು ಆರು ವರ್ಷಗಳಾದವು. ಉಳಿದಿರುವ ಒಂದೇ ಚಿತ್ರದಲ್ಲಿ ಅವರು ಕೈಕಟ್ಟಿ ಕುಳಿತಿದ್ದಾರೆ. ಮಗಳ ಚಿತ್ರದ ಕಡೆ ತಿರುಗಿದೆ. ಅದರಲ್ಲಿಯೂ ಅವಳು ಎಡಚಿ ಎಂಬುದು ಯಾರಿಗೂ ತಿಳಿಯುವಂತಿರಲಿಲ್ಲ.

ಐವತ್ತು ವರ್ಷಗಳ ಅಂತರದಲ್ಲಿ, ಎರಡು ಖಂಡಗಳಲ್ಲಿ, ಆಟಗಾರರನ್ನು ಹೀಗೆ ಕಲ್ಲಿನಂತೆ ನಿಲ್ಲಿಸುವ ಕ್ರಮ ಎಲ್ಲಿಂದ ಬಂತು ಎಂಬ ಕುತೂಹಲದಿಂದ ನಾನು ಛಾಯಾಗ್ರಹಣದ ಇತಿಹಾಸವನ್ನು ಓದತೊಡಗಿದೆ. ಆ ಓದಿನ ಫಲವೇ ಈ ಲೇಖನ.

1839ರಲ್ಲಿ ಫ್ರಾನ್ಸಿನಲ್ಲಿ ದಾಗೆರ್ ಎಂಬಾತನ ವಿಧಾನ ಲೋಕಕ್ಕೆ ಪ್ರಕಟವಾದಾಗ, ಒಂದು ಚಿತ್ರ ಮೂಡಲು ಹಲವು ನಿಮಿಷಗಳ ಬೆಳಕು ಬೇಕಾಗುತ್ತಿತ್ತು. ಕೆಲವೇ ವರ್ಷಗಳಲ್ಲಿ ಈ ಅವಧಿ ಸೆಕೆಂಡುಗಳಿಗೆ ಇಳಿಯಿತಾದರೂ, ಕುಳಿತವರು ಅಲುಗಾಡಿದರೆ ಮುಖ ಮಸುಕಾಗುತ್ತಿತ್ತು. ಆದ್ದರಿಂದ ಸ್ಟುಡಿಯೋಗಳಲ್ಲಿ ತಲೆಯ ಹಿಂಭಾಗಕ್ಕೆ ಕಬ್ಬಿಣದ ಆಸರೆಯನ್ನು ಇಡುತ್ತಿದ್ದರು. ಎಳೆಯ ಮಕ್ಕಳಿಗೆ ಇದು ಸಾಧ್ಯವಿರಲಿಲ್ಲ. ತಾಯಿಯೇ ಬಟ್ಟೆ ಹೊದ್ದು ಕುರ್ಚಿಯಂತೆ ಕುಳಿತು, ಕೂಸನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡ ಹತ್ತೊಂಬತ್ತನೆಯ ಶತಮಾನದ ಚಿತ್ರಗಳು ಇಂದಿಗೂ ಬಹಳಷ್ಟು ಉಳಿದಿವೆ. ಮಗುವಿನ ಚಿತ್ರಕ್ಕಾಗಿ ತಾಯಿ ತಾನೇ ಮರೆಯಾದ ಆ ಚಿತ್ರಗಳನ್ನು ಕಂಡರೆ ಮನಸ್ಸು ಕಲಕುತ್ತದೆ.

ಆಟದ ಚಿತ್ರಗಳೂ ಈ ಕಟ್ಟಿಗೆ ಒಳಪಟ್ಟಿದ್ದವು. 1843ರ ಸುಮಾರಿನಲ್ಲಿ ಎಡಿನ್‌ಬರೋದ ಹಿಲ್ ಮತ್ತು ಆಡಮ್‌ಸನ್ ಎಂಬ ಜೋಡಿ, ರ್‍ಯಾಕೆಟ್ ಹಿಡಿದು ಚೆಂಡನ್ನು ಹೊಡೆಯಲು ಸಿದ್ಧನಾದಂತಿರುವ ಒಬ್ಬ ಆಟಗಾರನ ಚಿತ್ರ ತೆಗೆದರು. ಆತ ಆಡುತ್ತಿರಲಿಲ್ಲ, ಆಡುವವನಂತೆ ನಿಂತಿದ್ದ. 1857ರಲ್ಲಿ ರೋಜರ್ ಫೆಂಟನ್ ಇಂಗ್ಲೆಂಡಿನಲ್ಲಿ ಕ್ರಿಕೆಟ್ ಪಂದ್ಯವೊಂದರ ಚಿತ್ರ ತೆಗೆದಾಗ ಆಟಗಾರರು ದೂರದ ಪುಟ್ಟ ಆಕೃತಿಗಳಾಗಿದ್ದರು. ಅಮೆರಿಕದಲ್ಲಿ 1880ರ ದಶಕದ ಕೊನೆಯಲ್ಲಿ ಗುಡ್‌ವಿನ್ ಕಂಪನಿಯು ತನ್ನ ‘ಓಲ್ಡ್ ಜಡ್ಜ್’ ಸಿಗರೇಟು ಪೊಟ್ಟಣಗಳೊಳಗೆ ಬೇಸ್‌ಬಾಲ್ ಆಟಗಾರರ ಚಿತ್ರಗಳನ್ನು ಇಡುತ್ತಿತ್ತು. ಅವುಗಳಲ್ಲಿ ಆಟಗಾರ ಸ್ಟುಡಿಯೋದ ಬಣ್ಣದ ಪರದೆಯ ಮುಂದೆ ಚೆಂಡು ಹಿಡಿಯಲು ಕೈಚಾಚಿರುತ್ತಾನೆ. ಚೆಂಡು ಮಾತ್ರ ಮೇಲಿನಿಂದ ದಾರದಲ್ಲಿ ತೂಗಾಡುತ್ತಿರುತ್ತದೆ. ಕೆಲವು ಚಿತ್ರಗಳಲ್ಲಿ ಆ ದಾರ ಕಣ್ಣಿಗೆ ಕಾಣುತ್ತದೆ. ನಮ್ಮ ಮಕ್ಕಳ ಪಿಕ್ಚರ್ ಡೇ ಚಿತ್ರಗಳ ಪೂರ್ವಜರು ಇವರೇ.

ಚಲನೆಯನ್ನೇ ಹಿಡಿಯುವ ಹಂಬಲ ಇದೇ ಕಾಲದಲ್ಲಿ ಇಬ್ಬರಲ್ಲಿ ಹುಟ್ಟಿತು. ಸೋಜಿಗವೆಂದರೆ ಇಬ್ಬರೂ 1830ರಲ್ಲಿ ಹುಟ್ಟಿ 1904ರಲ್ಲಿ ತೀರಿಕೊಂಡವರು. ಎಡ್ವರ್ಡ್ ಮೈಬ್ರಿಜ್ 1878ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಹನ್ನೆರಡು ಕ್ಯಾಮೆರಾಗಳನ್ನು ಸಾಲಾಗಿಟ್ಟು, ನಾಗಾಲೋಟದ ಕುದುರೆಯ ನಾಲ್ಕೂ ಕಾಲುಗಳು ಒಂದು ಕ್ಷಣ ನೆಲ ಬಿಡುತ್ತವೆ ಎಂದು ತೋರಿಸಿದ. ಮುಂದೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ದುಡಿದು 1887ರಲ್ಲಿ 781 ಚಿತ್ರಫಲಕಗಳನ್ನು ಪ್ರಕಟಿಸಿದ. ಅವುಗಳಲ್ಲಿ ಓಡುವವರು, ನೆಗೆಯುವವರು, ಬ್ಯಾಟು ಬೀಸುವವರು, ಮಕ್ಕಳು ಎಲ್ಲರೂ ಇದ್ದಾರೆ.

ಇನ್ನೊಬ್ಬ ಫ್ರಾನ್ಸಿನ ಎತಿಯೆನ್ ಜೂಲ್ ಮಾರೆ. ಈತ ನನ್ನ ವೃತ್ತಿಯವನು, ವೈದ್ಯ. ನಾಡಿಯ ಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಉಪಕರಣವನ್ನು ಸುಧಾರಿಸಿ ಬಳಕೆಗೆ ತಂದವನು ಇವನೇ. ಬೆರಳಿಗೆ ತಾಕಿ ಮಾಯವಾಗುವ ನಾಡಿಯನ್ನು ಕಣ್ಣಿಗೆ ಕಾಣಿಸಬೇಕು ಎಂಬ ತುಡಿತವೇ ಅವನನ್ನು ಹಕ್ಕಿಯ ರೆಕ್ಕೆಯ ಕಡೆಗೂ ಓಟಗಾರನ ಕಾಲಿನ ಕಡೆಗೂ ಕರೆದೊಯ್ದಿತು. 1882ರಲ್ಲಿ ಅವನು ಕೋವಿಯ ಆಕಾರದ ಕ್ಯಾಮೆರಾ ಕಟ್ಟಿದ. ಅದು ಸೆಕೆಂಡಿಗೆ ಹನ್ನೆರಡು ಚಿತ್ರಗಳನ್ನು ತೆಗೆಯುತ್ತಿತ್ತು. ಇಂದು ನಮ್ಮ ಫೋನುಗಳು ಒಂದೇ ಒತ್ತಿಗೆ ಸಾಲುಸಾಲಾಗಿ ಚಿತ್ರಗಳನ್ನು ಸೆರೆಹಿಡಿಯುವಾಗ ನಾನು ಆ ಹಿರಿಯ ವೈದ್ಯನನ್ನು ನೆನೆಯುತ್ತೇನೆ.

ಹಾಗಿದ್ದರೂ ಮೈಬ್ರಿಜ್ ಮತ್ತು ಮಾರೆಯವರ ಚಿತ್ರಗಳಲ್ಲಿ ನಮಗೆ ಕಾಣುವುದು ದೇಹದ ಚಲನೆ. ಇಂಥವನೇ ಹೀಗೆ ಆಡುತ್ತಿದ್ದ ಎಂಬ ಗುರುತು ಅಲ್ಲಿ ವಿರಳ. ಆ ಗುರುತನ್ನು ತಂದುಕೊಟ್ಟವರು ಹವ್ಯಾಸಿಗಳು. ಜಾರ್ಜ್ ಬೆಲ್ಡಮ್ ಇಂಗ್ಲೆಂಡಿನ ಮಿಡ್ಲ್‌ಸೆಕ್ಸ್ ಪರವಾಗಿ ಆಡುತ್ತಿದ್ದ ಕ್ರಿಕೆಟಿಗ. ಕ್ಯಾಮೆರಾ ಅವನ ಒಲವು. ಸಿ. ಬಿ. ಫ್ರೈ ಜೊತೆಗೂಡಿ 1905ರಲ್ಲಿ ಶ್ರೇಷ್ಠ ಬ್ಯಾಟುಗಾರರ ಕುರಿತ ಸಚಿತ್ರ ಗ್ರಂಥವನ್ನು ಹೊರತಂದ. ಆಸ್ಟ್ರೇಲಿಯಾದ ವಿಕ್ಟರ್ ಟ್ರಂಪರ್ ಬ್ಯಾಟನ್ನು ಹಿಂದಕ್ಕೆತ್ತಿ ಮುನ್ನುಗ್ಗುವ ಪ್ರಸಿದ್ಧ ಚಿತ್ರ ಅವನದೇ. ಅದು ಪಂದ್ಯದ ನಡುವೆ ತೆಗೆದದ್ದಲ್ಲ. ಬೆಲ್ಡಮ್ ಆಟಗಾರರನ್ನು ಕೇಳಿಕೊಂಡು, ಅವರು ತಮ್ಮ ನೆಚ್ಚಿನ ಹೊಡೆತ ಹೊಡೆಯುವಾಗ ಹತ್ತಿರ ನಿಂತು ಚಿತ್ರ ತೆಗೆಯುತ್ತಿದ್ದ. ಯಾವ ಕ್ಷಣದಲ್ಲಿ ಆ ಹೊಡೆತ ತುಂಬಿ ಬರುತ್ತದೆ ಎಂಬುದು ಸ್ವತಃ ಆಡಿದವನಿಗೆ ಗೊತ್ತಿತ್ತು.

ಅದೇ 1905ರಲ್ಲಿ ಪ್ಯಾರಿಸ್ಸಿನಲ್ಲಿ ಬಾಲಕನೊಬ್ಬ ಮನೆಯ ಮೆಟ್ಟಿಲ ಮೇಲಿಂದ ನೆಗೆಯುತ್ತಿದ್ದ ತನ್ನ ಬಂಧುವೊಬ್ಬಳನ್ನು ಗಾಳಿಯಲ್ಲಿರುವಾಗಲೇ ಸೆರೆಹಿಡಿದ. ಅವನೇ 1894ರಲ್ಲಿ ಹುಟ್ಟಿದ ಝಾಕ್ ಆನ್ರಿ ಲಾರ್ತೀಗ್. ಕ್ಯಾಮೆರಾ ಕೊಟ್ಟವನು ಅವನ ತಂದೆ. ಮನೆಯವರ ಓಟ, ನೆಗೆತ, ಟೆನಿಸ್, ಬಿದ್ದು ಏಳುವ ಗಮ್ಮತ್ತು ಇವೇ ಅವನ ವಸ್ತುಗಳು. ಮನೆಯ ಆಲ್ಬಮ್ಮುಗಳಲ್ಲಿದ್ದ ಈ ಚಿತ್ರಗಳು 1963ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶಿತವಾದವು.

ಇಂತಹ ಚಿತ್ರಗಳು ಸಿರಿವಂತರ ಮನೆಯಾಚೆಗೂ ಹರಡಲು ಅಗ್ಗದ, ಹಗುರವಾದ ಕ್ಯಾಮೆರಾ ಬೇಕಿತ್ತು. 1900ರಲ್ಲಿ ಕೊಡಾಕ್‌ನ ಬ್ರೌನಿ ಕೇವಲ ಒಂದು ಡಾಲರಿಗೆ ಮಾರಾಟಕ್ಕೆ ಬಂತು. ಮಕ್ಕಳೇ ಬಳಸಲಿ ಎಂಬ ಉದ್ದೇಶದ್ದು ಅದು. ಜರ್ಮನಿಯ ಆಸ್ಕರ್ ಬಾರ್ನಾಕ್‌ಗೆ ಅಸ್ತಮಾ ಇತ್ತು. ಭಾರದ ಕ್ಯಾಮೆರಾ ಹೊತ್ತು ಅಲೆಯಲು ಉಸಿರು ಸಾಲುತ್ತಿರಲಿಲ್ಲ. ಅವನು ರೂಪಿಸಿದ ಅಂಗೈಯಗಲದ ಯಂತ್ರ 1925ರಲ್ಲಿ ಲೈಕಾ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂತು. 1930ರ ದಶಕದಲ್ಲಿ ಎಂ.ಐ.ಟಿ.ಯ ಹೆರಾಲ್ಡ್ ಎಡ್ಗರ್ಟನ್ ವಿದ್ಯುತ್ ಮಿಂಚಿನಿಂದ, ಒದ್ದ ಫುಟ್‌ಬಾಲಿನೊಳಗೆ ಬೂಟು ಹೂತುಹೋಗುವ ಕ್ಷಣವನ್ನೂ ಕಾಣಿಸಿದ. ಅಲುಗಾಡಬೇಡ ಎನ್ನಲು ತಾಂತ್ರಿಕ ಕಾರಣಗಳೆಲ್ಲ ಇಲ್ಲಿಗೆ ಮುಗಿದಿದ್ದವು. ಆದರೂ 1968ರಲ್ಲಿ ನನ್ನ ತಂದೆಯವರ ತಂಡ ಕೈಕಟ್ಟಿ ಕುಳಿತಿತು. ಸ್ಟುಡಿಯೋದವರು ವರ್ಷಕ್ಕೊಮ್ಮೆ ಕಾಲೇಜಿಗೆ ಬರುತ್ತಿದ್ದರು, ಒಂದೆರಡು ಚಿತ್ರ ತೆಗೆದು ಹೋಗುತ್ತಿದ್ದರು. ಕ್ಯಾಮೆರಾ ಇದ್ದ ಮನೆಗಳು ಊರಿನಲ್ಲಿ ಬೆರಳೆಣಿಕೆಯಷ್ಟು. ಅಂದಿನವರನ್ನು ದೂರುವಂತಿಲ್ಲ. ಕೈಯಲ್ಲೇ ಕ್ಯಾಮೆರಾ ಇರುವ ನನ್ನಂಥವರಿಗೆ ಮಾತ್ರ ಈ ನೆಪ ಸಲ್ಲದು.

ಹೀಗೆ ಯೋಚಿಸಿ, ಮಗಳ ಚಿತ್ರವನ್ನು ನಾನೇ ತೆಗೆಯಲು ಹೊರಟೆ. ಮೊದಲ ಯತ್ನ ಪಂದ್ಯದ ದಿನ, ಜಿಮ್‌ನೊಳಗೆ. ಬೆಳಕು ಸಾಲದೆ ಅವಳ ತೋಳುಗಳು ಮಂಜಿನಂತೆ ಬಂದವು. ಉಳಿದ ಚಿತ್ರಗಳಲ್ಲಿ ಬಲೆ ಸ್ಪಷ್ಟವಾಗಿಯೂ ಮಗಳು ಮಸುಕಾಗಿಯೂ ಇದ್ದಳು. ಅದಕ್ಕಿಂತ ಹೆಚ್ಚಾಗಿ, ಚಿತ್ರ ತೆಗೆಯುವ ಭರದಲ್ಲಿ ಆಟವನ್ನೇ ನೋಡಲಿಲ್ಲ. ಮನೆಗೆ ಬರುವ ದಾರಿಯಲ್ಲಿ “ಅಪ್ಪಾ, ನಾನು ಕೊನೇ ಪಾಯಿಂಟ್ ಹೊಡೆದಿದ್ದು ನೋಡಿದ್ಯಾ?” ಎಂದಳು. ನೋಡಿರಲಿಲ್ಲ.

ಆಮೇಲೆ ಬೆಲ್ಡಮ್‌ನ ದಾರಿ ಹಿಡಿದೆ. ಒಂದು ಭಾನುವಾರದ ಇಳಿಹೊತ್ತು, ಹತ್ತಿರದ ಉದ್ಯಾನದಲ್ಲಿ ಬಲೆ ಕಟ್ಟಿದ್ದ ಜಾಗಕ್ಕೆ ನಾವಿಬ್ಬರೇ ಹೋದೆವು. ಎಲ್ಲಿ ನೆಗೆಯುತ್ತೀಯ, ಯಾವ ಎತ್ತರದಲ್ಲಿ ಚೆಂಡು ಬೇಕು ಎಂದು ಅವಳನ್ನೇ ಕೇಳಿದೆ. ಅವಳು ತೋರಿಸಿದ ಕಡೆ ಮೊದಲೇ ಫೋಕಸ್ ಮಾಡಿ, ಶಟರ್ ವೇಗವನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೆ ಇಟ್ಟು, ಹುಲ್ಲಿನ ಮೇಲೆ ಮಂಡಿಯೂರಿದೆ. ಮಕ್ಕಳ ಚಿತ್ರವನ್ನು ದೊಡ್ಡವರ ಎತ್ತರದಿಂದ ತೆಗೆದರೆ ಅವರು ಕುಳ್ಳಾಗಿ ಕಾಣುತ್ತಾರೆ. ಕೆಳಗಿನಿಂದ ತೆಗೆದರೆ ನೆಗೆತದ ಎತ್ತರ ತಿಳಿಯುತ್ತದೆ. ಅವಳೇ ಚೆಂಡನ್ನು ಮೇಲಕ್ಕೆ ಎಸೆದುಕೊಂಡು ನಲವತ್ತು ಬಾರಿ ಹೊಡೆದಳು. ಮೂವತ್ತೊಂಬತ್ತು ಚಿತ್ರಗಳನ್ನು ಇಬ್ಬರೂ ಕುಳಿತು ತೆಗೆದುಹಾಕಿದೆವು. ಯಾವುದು ಉಳಿಯಬೇಕೆಂದು ಆರಿಸಿದವಳು ಅವಳೇ. ಅವಳು ಒಪ್ಪದ ಚಿತ್ರವನ್ನು ಯಾರಿಗೂ ಕಳುಹಿಸುವುದಿಲ್ಲ ಎಂಬ ಕರಾರೂ ಆಯಿತು. ತಂಡದ ಇತರ ಮಕ್ಕಳಿರುವ ಚಿತ್ರಗಳ ವಿಷಯದಲ್ಲಿ ಆಯಾ ತಂದೆತಾಯಿಗಳ ಒಪ್ಪಿಗೆ ಅಗತ್ಯ ಎಂಬುದನ್ನು ಓದುಗರೂ ಗಮನದಲ್ಲಿಟ್ಟುಕೊಳ್ಳಬೇಕಾಗಿ ವಿನಂತಿ.

ಪಿಕ್ಚರ್ ಡೇ ಚಿತ್ರವನ್ನು ನಾವು ತೆಗೆದಿಟ್ಟಿಲ್ಲ. ತಂಡದ ಜೊತೆ ನಿಂತ ನೆನಪಿಗೆ ಅದಕ್ಕೂ ಒಂದು ಸ್ಥಾನವಿದೆ. ಈಗ ಕಪಾಟಿನ ಮೇಲೆ ಮೂರು ಚಿತ್ರಗಳಿವೆ. ಮೂರನೆಯದರಲ್ಲಿ ಅವಳ ಎರಡೂ ಪಾದಗಳು ನೆಲದಿಂದ ಮೇಲಿವೆ, ಹಲ್ಲು ಕಚ್ಚಿದ್ದಾಳೆ, ಜಡೆ ಗಾಳಿಯಲ್ಲಿದೆ, ಎಡಗೈ ಚೆಂಡನ್ನು ಇನ್ನೇನು ತಾಕಲಿದೆ. ಚೌಕಟ್ಟಿಗೆ ಹಾಕುವ ಮೊದಲು ಹಿಂಬದಿಯಲ್ಲಿ ಅವಳ ಹೆಸರು, ದಿನಾಂಕ, ಊರು ಬರೆದೆ. ಅಜ್ಜನ ಚಿತ್ರದಲ್ಲಿ ಹೆಸರುಗಳಿದ್ದುದರಿಂದಲೇ ಅವರ ಜೊತೆಗಾರರಲ್ಲಿ ಒಬ್ಬರನ್ನು ಊರಿನ ನೆಂಟರ ಮೂಲಕ ಈಗ ಪತ್ತೆ ಹಚ್ಚಿದ್ದೇನೆ. ಅವರಿಗೆ ಎಪ್ಪತ್ತೇಳು ವರ್ಷ, ಕಿವಿ ಮಂದ. ಮುಂದಿನ ತಿಂಗಳು ಊರಿಗೆ ಹೋದಾಗ ಮಗಳನ್ನೂ ಕರೆದುಕೊಂಡು ಅವರ ಮನೆಗೆ ಹೋಗುವವನಿದ್ದೇನೆ. ಪ್ರಶ್ನೆಯನ್ನು ಅವಳೇ ಕೇಳುತ್ತಾಳಂತೆ.