ಬೊಂ ಜೆಸುಸ್ ಬೆಸಿಲಿಕಾ: ಗಾರೆ ಕಳಚಿಕೊಂಡ ಕೆಂಪು ಇಗರ್ಜಿ

ಗೋವಾಕ್ಕೆ ಹೋದವರೆಲ್ಲ ಸಾಮಾನ್ಯವಾಗಿ ಕಡಲ ದಂಡೆ ನೋಡಿಕೊಂಡು ಬರುತ್ತಾರೆ. ಅರ್ಧ ದಿನ ಬಿಡುವು ಮಾಡಿಕೊಂಡರೆ ಪಣಜಿಯಿಂದ ಸುಮಾರು 10 ಕಿ.ಮೀ. ದೂರದ ಹಳೆ ಗೋವಾವನ್ನೂ ನೋಡಬಹುದು. ಒಂದು ಕಾಲದಲ್ಲಿ ಪೋರ್ಚುಗೀಸರ ಪೂರ್ವ ದೇಶಗಳ ಆಡಳಿತಕ್ಕೆಲ್ಲ ರಾಜಧಾನಿಯಾಗಿದ್ದ ಊರು ಇದು. ಈಗ ಅಲ್ಲಿ ಉಳಿದಿರುವುದು ಮುಖ್ಯವಾಗಿ ಇಗರ್ಜಿಗಳು, ತೆಂಗಿನ ತೋಟ, ಹುಲ್ಲುಹಾಸು. ಇಲ್ಲಿನ ಚರ್ಚುಗಳು ಮತ್ತು ಮಠಗಳು 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಇವುಗಳಲ್ಲಿ ಹೆಚ್ಚು ಜನ ಸೇರುವುದು ಬೊಂ ಜೆಸುಸ್ ಬೆಸಿಲಿಕಾದಲ್ಲಿ.

'ಬೊಂ ಜೆಸುಸ್' ಎಂದರೆ ಪೋರ್ಚುಗೀಸ್ ಭಾಷೆಯಲ್ಲಿ ಒಳ್ಳೆಯ ಯೇಸು. ಬಾಲಯೇಸುವಿಗೆ ಅರ್ಪಿಸಿದ ಇಗರ್ಜಿ ಇದು. ಜೆಸುಯಿಟ್ ಗುರುಗಳು 1594ರಲ್ಲಿ ಕೆಲಸ ಆರಂಭಿಸಿದರು, 1605ರಲ್ಲಿ ಪ್ರತಿಷ್ಠಾಪನೆ ನಡೆಯಿತು. ಖರ್ಚಿಗೆ ಹಣ ಬಿಟ್ಟುಹೋದವನು ಕೊಚ್ಚಿಯ ಕಪ್ತಾನನಾಗಿದ್ದ ಜೆರೋನಿಮೊ ಮಸ್ಕರೇನ್ಹಾಸ್. ಅವನ ಸ್ಮಾರಕ ಒಳಗೆ ಗೋಡೆಯಲ್ಲೇ ಇದೆ. ಜನ ಅದನ್ನು ನೋಡದೆ ಮುಂದೆ ಹೋಗುತ್ತಾರೆ. 'ಬೆಸಿಲಿಕಾ' ಎಂಬ ಗೌರವ ಬಂದದ್ದು 1946ರಲ್ಲಿ.

ಒಳಗೆ ಹೋಗುವ ಮೊದಲು ಐದು ನಿಮಿಷ ಅಂಗಳದಲ್ಲೇ ನಿಂತು ಮುಂಭಾಗವನ್ನು ನೋಡಬೇಕು. ಕೆಳಗೆ ಮೂರು ಬಾಗಿಲು, ಅದರ ಮೇಲೆ ಮೂರು ಚೌಕ ಕಿಟಕಿ, ಅದರ ಮೇಲೆ ಮೂರು ದುಂಡು ಕಿಟಕಿ, ತುತ್ತತುದಿಯಲ್ಲಿ ಐ.ಎಚ್.ಎಸ್. ಎಂಬ ಮೂರಕ್ಷರ. ಅದು ಗ್ರೀಕ್ ಭಾಷೆಯಲ್ಲಿ ಯೇಸುವಿನ ಹೆಸರಿನ ಮೊದಲ ಅಕ್ಷರಗಳು, ಜೆಸುಯಿಟರ ಲಾಂಛನ. ಸಣ್ಣ ಕೆತ್ತನೆಗೆಲ್ಲ ವಸೈ ಕಡೆಯಿಂದ ತರಿಸಿದ ಕರಿಕಲ್ಲು. ಉಳಿದ ಗೋಡೆಯೆಲ್ಲ ಕೆಂಪು ಜಂಬಿಟ್ಟಿಗೆ. ಕಾಸರಗೋಡು ಕಡೆಯವರಿಗೆ ಇದು ಪರಿಚಿತವಾದ ಮುರಕಲ್ಲೇ. ನಮ್ಮ ಮನೆ, ಬಾವಿ, ಕಂಪೌಂಡಿಗೆ ಬಳಸುವ ಅದೇ ಕಲ್ಲು.

ಈ ಕೆಂಪು ಬಣ್ಣವನ್ನೇ ಎಲ್ಲರೂ ಕ್ಯಾಮೆರಾದಲ್ಲಿ ಹಿಡಿದುಕೊಂಡು ಹೋಗುತ್ತಾರೆ. ಆದರೆ ಕಟ್ಟಿದವರು ಇಗರ್ಜಿಯನ್ನು ಹೀಗೆ ಬಿಟ್ಟಿರಲಿಲ್ಲ. ಗೋಡೆಗೆ ಸುಣ್ಣದ ಗಾರೆ ಇತ್ತು, ಹೊರಗಿನಿಂದ ಬೆಳ್ಳಗೆ ಕಾಣುತ್ತಿತ್ತು. 1950ರ ದಶಕದಲ್ಲಿ, ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದಾಗ, ಬಾಲ್ಟಜಾರ್ ಕಾಸ್ಟ್ರೊ ಎಂಬ ಪೋರ್ಚುಗೀಸ್ ವಾಸ್ತುಶಿಲ್ಪಿಯ ನೇತೃತ್ವದಲ್ಲಿ ಆ ಗಾರೆಯನ್ನು ಕೆತ್ತಿ ತೆಗೆದರು. ಕಲ್ಲು ಕಂಡರೆ ಕಟ್ಟಡ ಪುರಾತನವಾಗಿ ಕಾಣುತ್ತದೆ ಎಂಬುದು ಆ ಕಾಲದ ಅಭಿರುಚಿ. ರಸ್ತೆ ದಾಟಿ ಎದುರಿನ ಸೇ ಕೆಥೆಡ್ರಲ್ ನೋಡಿ, ಅದು ಈಗಲೂ ಬಿಳಿ. ಬೊಂ ಜೆಸುಸ್ ಕೂಡ ಹಾಗೆಯೇ ಇತ್ತು.

ಜಂಬಿಟ್ಟಿಗೆ ತೂತುತೂತಾದ ಕಲ್ಲು. ಗಣಿಯಲ್ಲಿ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ ಎನ್ನುವುದು ನಿಜ. ಆದರೆ ವರ್ಷಗಟ್ಟಲೆ ನೇರ ಮಳೆಗೆ ಒಡ್ಡಿದರೆ ನೀರು ಹೀರುತ್ತದೆ, ಪಾಚಿ ಹಿಡಿಯುತ್ತದೆ, ಮೈ ಪುಡಿಯಾಗಿ ಉದುರುತ್ತದೆ. ಗೋವಾದ ಮಳೆ ಎಂಥದ್ದೆಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಹಳ್ಳಿಯ ಮೇಸ್ತ್ರಿಯನ್ನು ಕೇಳಿದರೂ ಮುರಕಲ್ಲಿನ ಗೋಡೆಗೆ ಗಾರೆ ಬೇಕು, ಇಲ್ಲವೇ ಮುಂದಕ್ಕೆ ಚಾಚಿದ ಮಾಡು ಬೇಕು ಎನ್ನುತ್ತಾನೆ. ಇಲ್ಲಿ ಎರಡೂ ಇಲ್ಲ. 2020ರಲ್ಲಿ ಬೆಸಿಲಿಕಾದ ಮುಖ್ಯ ಗುರುಗಳೇ ಕಟ್ಟಡದ ಸ್ಥಿತಿಯ ಬಗ್ಗೆ ಬಹಿರಂಗವಾಗಿ ಕಳವಳ ವ್ಯಕ್ತಪಡಿಸಿದರು. ಮತ್ತೆ ಗಾರೆ ಹಾಕಬೇಕೆನ್ನುವವರು ಒಂದು ಕಡೆ, ಜನರಿಗೆ ಒಗ್ಗಿಹೋದ ಕೆಂಪು ರೂಪ ಬದಲಾಗಬಾರದು ಎನ್ನುವವರು ಇನ್ನೊಂದು ಕಡೆ. ಸ್ಮಾರಕದ ರಕ್ಷಣೆ ಭಾರತೀಯ ಪುರಾತತ್ವ ಇಲಾಖೆಯ ಹೊಣೆ. ಈ ಲೇಖಕನ ಮಟ್ಟಿಗೆ ಹೇಳುವುದಾದರೆ, ಫೋಟೊಕ್ಕಿಂತ ಗೋಡೆ ಮುಖ್ಯ.

ಹೊರಗಿನ ಈ ಬೋಳು ಗೋಡೆ ನೋಡಿ ಒಳಗೆ ಕಾಲಿಟ್ಟರೆ ಕಣ್ಣು ಕುಕ್ಕುವುದು ಬಂಗಾರದ ಬಣ್ಣ. ಪಕ್ಕದ ಗೋಡೆಗಳು ಸಾದಾ, ಎದುರಿನ ಬಲಿಪೀಠ ಮಾತ್ರ ನೆಲದಿಂದ ಮೇಲಿನವರೆಗೆ ಚಿನ್ನದ ಲೇಪದ ಮರದ ಕೆತ್ತನೆ. ಹಗ್ಗದಂತೆ ಹೊಸೆದ ಕಂಬಗಳು, ಬಳ್ಳಿ, ದೇವದೂತರು. ನಡುವೆ ಜೆಸುಯಿಟ್ ಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೊಲಾರ ದೊಡ್ಡ ಪ್ರತಿಮೆ; ಅವರ ಕಣ್ಣು ಮೇಲಿನ ಸೂರ್ಯಬಿಂಬದಲ್ಲಿರುವ ಐ.ಎಚ್.ಎಸ್. ಮೇಲೆ. ಅವರ ಕಾಲಬಳಿ ನೋಡಿ, ಪುಟ್ಟ ಬಾಲಯೇಸು ಇದ್ದಾನೆ. ಇಗರ್ಜಿ ಯಾರ ಹೆಸರಿನದೋ ಅವನೇ ಇಲ್ಲಿ ಎಲ್ಲರಿಗಿಂತ ಚಿಕ್ಕವನು.

ಬಲಗಡೆಯ ಚಾಪೆಲ್‌ನಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಸಮಾಧಿ. ಕೊಂಕಣಿಯಲ್ಲಿ ಇವರು 'ಗೊಂಯ್ಚೊ ಸಾಯ್ಬ್', ಗೋವಾದ ಒಡೆಯ. 1552ರ ಡಿಸೆಂಬರ್ 3ರಂದು ಚೀನಾ ಕರಾವಳಿಯ ದ್ವೀಪವೊಂದರಲ್ಲಿ ತೀರಿಕೊಂಡರು. ದೇಹ ಮಲಕ್ಕಾ ಮಾರ್ಗವಾಗಿ 1554ರಲ್ಲಿ ಗೋವಾ ತಲುಪಿತು. 1622ರಲ್ಲಿ ಸಂತರೆಂದು ಘೋಷಣೆ. ಬಲಗೈಯ ಒಂದು ಭಾಗವನ್ನು 1614ರಲ್ಲಿ ರೋಮ್‌ಗೆ ಕಳಿಸಿದ್ದರು. ದೇಹ ಇಟ್ಟಿರುವ ಬೆಳ್ಳಿ ಪೆಟ್ಟಿಗೆಯನ್ನು 1636-37ರಲ್ಲಿ ಗೋವಾದ ಅಕ್ಕಸಾಲಿಗರೇ ಮಾಡಿದ್ದು. ಸುತ್ತಲೂ ಸಂತರ ಜೀವನದ ಚಿತ್ರಫಲಕಗಳಿವೆ. ಅದರ ಕೆಳಗಿನ ಅಮೃತಶಿಲೆಯ ಪೀಠ ಬಂದದ್ದು ಇಟಲಿಯಿಂದ. ಟಸ್ಕನಿಯ ದೊರೆ ಮೂರನೇ ಕೊಸಿಮೊ ಕಾಣಿಕೆ ಕೊಟ್ಟದ್ದು, ಶಿಲ್ಪಿ ಜೊವಾನಿ ಬತಿಸ್ತಾ ಫೊಜಿನಿ, ಜೋಡಿಸಿ ಮುಗಿದದ್ದು 1698ರಲ್ಲಿ. ಪೆಟ್ಟಿಗೆ ಎತ್ತರದಲ್ಲಿರುವುದರಿಂದ ಹತ್ತಿರದಿಂದ ಕಾಣುವುದಿಲ್ಲ. ಸಣ್ಣ ದುರ್ಬೀನು ಇದ್ದರೆ ಒಯ್ಯಿರಿ.

ಹತ್ತು ವರ್ಷಕ್ಕೊಮ್ಮೆ ಪಾರ್ಥಿವ ಶರೀರವನ್ನು ಕೆಳಗಿಳಿಸಿ ಸೇ ಕೆಥೆಡ್ರಲ್‌ಗೆ ಒಯ್ದು ಸಾರ್ವಜನಿಕ ದರ್ಶನಕ್ಕಿಡುತ್ತಾರೆ. ಕಳೆದ ದರ್ಶನ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ನಡೆಯಿತು. ವಾರ್ಷಿಕ ಹಬ್ಬ ಡಿಸೆಂಬರ್ 3ರಂದು. ಆ ದಿನಗಳಲ್ಲಿ ಭಕ್ತರ ಜನಸಾಗರ. ಕಟ್ಟಡ ನೋಡಬೇಕೆನ್ನುವವರು ಬೇರೆ ದಿನ ಹೋಗುವುದು ಲೇಸು.

ಪ್ರವೇಶಕ್ಕೆ ಟಿಕೆಟ್ ಇಲ್ಲ. ಚಪ್ಪಲಿ ಬಿಡಬೇಕಾಗಿಲ್ಲ, ಟೋಪಿ ತೆಗೆಯಬೇಕು. ಚಡ್ಡಿ, ತೋಳಿಲ್ಲದ ಬಟ್ಟೆ ಬೇಡ. ಭಾನುವಾರ ಬೆಳಿಗ್ಗೆ ಪೂಜೆ ಇರುವುದರಿಂದ ಪ್ರವಾಸಿಗರು ಅದು ಮುಗಿದ ಮೇಲೆ ಹೋಗಬೇಕು. ಪೂಜೆಯ ಹೊತ್ತಿನಲ್ಲಿ ಕ್ಯಾಮೆರಾ ಎತ್ತಬೇಡಿ.

ಕಾಸರಗೋಡು, ಮಂಗಳೂರು ಕಡೆಯಿಂದ ಕೊಂಕಣ ರೈಲಿನಲ್ಲಿ ಬರುವವರಿಗೆ ಕರ್ಮಲಿ ನಿಲ್ದಾಣ ಹತ್ತಿರ. ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ, ಮಡಗಾಂವ್‌ನಲ್ಲಿ ಇಳಿದು ಬಸ್ಸು ಹಿಡಿಯಬಹುದು. ಸೊಲ್ಲಾಪುರ, ಜತ್ತ ಕಡೆಯವರಿಗೆ ಬೆಳಗಾವಿಯಿಂದ ಚೋರ್ಲಾ ಘಾಟಿನ ದಾರಿ ಇದೆ. ಬಸ್ಸಿನಲ್ಲಿ ಊರಿನ ಹೆಸರು ಸರಿಯಾಗಿ ಹೇಳಿ: 'ಗೋವಾ ವೆಲ್ಹಾ' ಎಂಬುದು ಬೇರೆ ಊರು, ಕದಂಬರ ಗೋಪಕಪಟ್ಟಣವಿದ್ದ ಜಾಗ. ಇಗರ್ಜಿಗಳಿರುವುದು 'ಓಲ್ಡ್ ಗೋವಾ'ದಲ್ಲಿ.

ಸಮಯ ಉಳಿದರೆ ಎರಡು ಜಾಗ. ಸಂತ ಕಯೆತಾನ ಇಗರ್ಜಿಯ ಬಳಿ ಒಂಟಿ ಕಲ್ಲಿನ ಬಾಗಿಲೊಂದು ನಿಂತಿದೆ. 1510ರಲ್ಲಿ ಅಲ್ಬುಕರ್ಕ್ ಗೆಲ್ಲುವ ಮುಂಚೆ ಊರನ್ನು ಆಳುತ್ತಿದ್ದ ಬಿಜಾಪುರದ ಆದಿಲಶಾಹನ ಅರಮನೆಯದು. ಇನ್ನೊಂದು, ಗುಡ್ಡದ ಮೇಲಿನ ಸಂತ ಅಗಸ್ಟೀನ್ ಗೋಪುರ. 1835ರಲ್ಲಿ ಮಠ ಖಾಲಿಯಾಯಿತು, 1842ರಲ್ಲಿ ಚಾವಣಿ ಕುಸಿಯಿತು, 1931ರಲ್ಲಿ ಮುಂಭಾಗ ಮತ್ತು ಗೋಪುರದ ಅರ್ಧ ಬಿದ್ದುಹೋಯಿತು. ಈಗ ನಿಂತಿರುವುದು 46 ಮೀಟರ್ ಎತ್ತರದ ತುಂಡು. ಅದೂ ಜಂಬಿಟ್ಟಿಗೆಯದೇ.